ಒಳಗೆ ಮಡಚಿಟ್ಟ ಅರ್ಧ ಇಂಚು

ಸ್ವಯಂಸೇವೆ ಅಂದರೇನೆಂದು ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ನಾದಿನಿ ಹೆಸರು ಬರೆಸಿದಳು, ನಾನು ವಿಮಾನ ಹತ್ತಿದೆ, ಅಷ್ಟೇ. "ಅತ್ತಿಗೆ, ಇಪ್ಪತ್ತಾರು ವರ್ಷ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದಿದ್ದು ಸಾಕು. ಮೂರು ತಿಂಗಳು ಹೊರದೇಶ ನೋಡ್ಕೊಂಡು ಬನ್ನಿ," ಅಂದಿದ್ದಳು. ನೋಡಿದ್ದೇನು, ಮಣ್ಣು! ಕೃತಕ ಕಾಲು ಜೋಡಿಸುವ ಕೇಂದ್ರದ ಹಿಂದಿನ ಕೋಣೆ, ಒಂದು ಇಸ್ತ್ರಿಪೆಟ್ಟಿಗೆ, ಹರಿದ ಬೆಡ್‌ಶೀಟು ಹೊಲಿಯಲು ಒಂದು ಹಳೇ ಮೆಷಿನ್ನು. ಗೋಡೆಗೆ ಕಾಗದ ಅಂಟಿಸಿದ್ದರು: ಸ್ವಯಂಸೇವಕರು ರೋಗಿಗಳ ಸಾಮಾನು ಮುಟ್ಟಬಾರದು. ಅವರ ಭಾಷೆ ನನಗೆ ಅರ್ಧ ಬರುತ್ತಿತ್ತು, ಮಿಕ್ಕಿದ್ದಕ್ಕೆ ಕೈಸನ್ನೆ. ಆದರೆ ಆ ಕಾಗದ ಮಾತ್ರ ಪೂರ್ತಿ ಅರ್ಥವಾಗಿತ್ತು.

ಅವತ್ತು ಗುರುವಾರ. ಅಂಚೆಯವಳು ಐದನೇ ಸಲ ಬಂದಿದ್ದಳು. ಮನೆಮನೆಗೆ ಕಾಗದ ಹಂಚುವ ಹೆಂಗಸು. ಅಪಘಾತದಲ್ಲಿ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಹೊಸ ಕಾಲು ಕೊಟ್ಟು ಹನ್ನೊಂದು ವಾರವಾದರೂ ಅದನ್ನು ತೊಡೆಗೆ ಬಿಗಿಯುವ ಪಟ್ಟಿ ಸಡಿಲ. ಮೆಟ್ಟಿಲು ಹತ್ತಿದರೆ ಕಾಲು ಜಾರುತ್ತಿತ್ತು.

"ನಾಳೆ ಹತ್ತು ಗಂಟೆಗೆ ಅಂಚೆ ಕಚೇರೀಲಿ ಸಾಹೇಬರ ಮುಂದೆ ಮೂರು ಮಹಡಿ ಹತ್ತಿ ತೋರಿಸ್ಬೇಕು. ಆಗದಿದ್ರೆ ಕೆಲಸ ಹೋಯ್ತು. ಮನೇಲಿ ದುಡಿಯೋಳು ನಾನೊಬ್ಳೇ," ಅಂದಳು.

ಕೇಂದ್ರದ ಮೇಲ್ವಿಚಾರಕಿ ಸೊಂಟದಲ್ಲಿ ಸದಾ ಬೀಗದ ಕೈಗಳನ್ನು ಕುಲುಕಿಸುತ್ತ ಓಡಾಡುತ್ತಿದ್ದರು; ನಾನು ಅವರಿಗೆ ಮನಸ್ಸಿನಲ್ಲೇ ಕೀಲಿಗೊಂಚಲು ಎಂದು ಹೆಸರಿಟ್ಟಿದ್ದೆ. "ಕಾಲು ಮಾಡೋ ಮೇಸ್ತ್ರಿ ರಜಾ. ಸೋಮವಾರ ಬನ್ನಿ," ಎಂದವರೇ ಊಟಕ್ಕೆ ಹೊರಟುಹೋದರು.

ನನಗೆ ಮೈಯೆಲ್ಲ ಉರಿಯಿತು. ಸೋಮವಾರ ಬಂದು ಏನು ಮಾಡಬೇಕಂತೆ ಇವಳು? ಕಾಲು ಮಾಡುವುದು ಮೇಸ್ತ್ರಿಯ ವಿದ್ಯೆ, ಸರಿ. ಪಟ್ಟಿ ಬಿಗಿ ಮಾಡುವುದು ನನ್ನ ಕಸುಬಲ್ಲವೇ? ಆದರೆ ಮುಟ್ಟಬಾರದು. ಮುಟ್ಟಲೋ, ಬೇಡವೋ? ಮಡಚಿದ್ದ ಬೆಡ್‌ಶೀಟನ್ನೇ ಬಿಚ್ಚಿ ಮತ್ತೆ ಮಡಚಿದೆ. ಯಾರಾದರೂ ಹೂಂ ಅಂದಿದ್ದರೆ ಸಾಕಿತ್ತು. ಅನ್ನುವವರೇ ಊಟಕ್ಕೆ ಹೋಗಿದ್ದರು.

"ಬಿಚ್ಚಮ್ಮಾ ಇತ್ಲಾಗೆ!" ಅಂದುಬಿಟ್ಟೆ.

ಅವಳನ್ನು ನಿಲ್ಲಿಸಿಯೇ ಅಳತೆ ತೆಗೆದೆ. ದಪ್ಪ ಸೂಜಿ ಹಾಕಿ, ಪಟ್ಟಿಯ ದಪ್ಪ ಬಟ್ಟೆಯನ್ನು ಹಿಡಿದು ಹೊಲಿದೆ. ಅವಳು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದಳು, ಬೆಂಚು ಹತ್ತಿ ಇಳಿದಳು. ಕಾಲು ಜಾರಲಿಲ್ಲ. "ಅಕ್ಕಾ!" ಎಂದು ನನ್ನನ್ನು ತಬ್ಬಿಕೊಂಡು ಹೋದಳು. ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಾನು ಸಂಜೆಯವರೆಗೂ ಇಸ್ತ್ರಿ ಮಾಡಿದೆ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ, ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಥಟ್ಟನೆ ನೆನಪಾಯಿತು. ಹೊಲಿಗೆಯ ಒಳಗೆ ಅರ್ಧ ಇಂಚು ಬಟ್ಟೆ ಮಡಚಿ ಬಿಟ್ಟಿದ್ದೆ! ಮಕ್ಕಳು ಬೆಳೆಯುತ್ತಾರೆ, ಮುಂದಿನ ವರ್ಷ ಬಿಚ್ಚಿ ಸಡಿಲಿಸಬೇಕಾಗುತ್ತದೆ ಎಂದು ಇಪ್ಪತ್ತಾರು ವರ್ಷ ಕೈಗೆ ಅಂಟಿದ ಚಾಳಿ. ಅಯ್ಯೋ ಮಂಕೇ, ಅಂಚೆಯವಳ ತೊಡೆ ಬೆಳೆಯುತ್ತದೇನೇ? ಆ ಮಡಿಕೆ ಬರಿಯ ಚರ್ಮವನ್ನು ಒಂದೊಂದು ಮೆಟ್ಟಿಲಿಗೂ ಉಜ್ಜಿ ಸುಲಿದುಹಾಕುತ್ತದೆ.

ಕೀಲಿಗೊಂಚಲಿಗೆ ಹೇಳಲೋ, ಓಡಲೋ? ಏನೂ ತೋಚದೆ ಕತ್ತರಿ ಹಿಡಿದು ಓಡಿದೆ. ತಪ್ಪು ಬಸ್ಸು ಹತ್ತಿ, ಇಳಿದು, ಕಂಡಕಂಡವರಿಗೆ "ಅಂಚೆ, ಅಂಚೆ" ಎಂದು ಕೈಸನ್ನೆ ಮಾಡಿದೆ. ಕತ್ತರಿ ನೋಡಿ ಒಬ್ಬ ದಾರಿಯನ್ನೇ ಬಿಟ್ಟುಕೊಟ್ಟ. ತಲುಪಿದಾಗ ಹತ್ತೂಮುಕ್ಕಾಲು.

ಅಂಚೆಯವಳು ಕಚೇರಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಸಾಹೇಬರ ಸಹಿ ಬಿದ್ದ ಕಾಗದ. ಕಪ್ಪು ಪ್ಯಾಂಟು ತೊಡೆಯ ಬಳಿ ಒದ್ದೆಯಾಗಿ ಅಂಟಿಕೊಂಡಿತ್ತು. ಮುಟ್ಟಿದರೆ ನನ್ನ ಬೆರಳು ಕೆಂಪಾಯಿತು.

"ಮೊದಲನೇ ಮಹಡೀಲೇ ಸುಲೀತು," ಅಂದಳು. "ಸಾಹೇಬ್ರು ಮುಖಾನೇ ನೋಡ್ತಿದ್ರಲ್ಲ, ನಗ್ತಾ ಹತ್ತಿದೆ."

ನನಗೆ ಅಳು ತಡೆಯಲಾಗಲಿಲ್ಲ. "ತಪ್ಪು ನಂದು ಕಣಮ್ಮಾ. ನಾನು ಮುಟ್ಟಲೇಬಾರದಿತ್ತು."

"ತಪ್ಪು ನಿಮ್ದೇ," ಎಂದು ಅವಳು ಹಲ್ಲು ಕಚ್ಚಿಕೊಂಡು ಪಟ್ಟಿ ಬಿಚ್ಚಿದಳು. "ಹನ್ನೊಂದು ವಾರ ಯಾರೂ ತಪ್ಪೇ ಮಾಡ್ಲಿಲ್ಲ ಅಕ್ಕಾ. ಯಾರೂ ಕೈಯೇ ಹಾಕ್ಲಿಲ್ವಲ್ಲ."

ಕಾಲನ್ನು ಪಟ್ಟಿಯ ಸಮೇತ ನನ್ನ ಮಡಿಲಿಗಿಟ್ಟಳು.

"ಸೋಮವಾರದಿಂದ ಕೆಲಸಕ್ಕೆ ಬಾ ಅಂದಿದ್ದಾರೆ. ಬೇಗ ಬಿಚ್ಚಿ ಹೊಲೀರಿ."