ಡಿಸ್ಕಿನಲ್ಲಿ ಅತ್ತೆಯ ಪಾಲು

"ಪಕ್ಕದಲ್ಲಿ ಸಣ್ಣ ಸಣ್ಣ ತುಂಡು ಇರ್ತಾವಲ್ಲ, ಅವನ್ನೆಲ್ಲ ಅಳಿಸಿಬಿಡು ಅಂತಿದಾನೆ," ಎಂದಳು ಅಮ್ಮ, ಬಾಗಿಲ ಪರದೆಯ ಸಂದಿನಿಂದ ಮುಖ ತೂರಿಸಿ. "ಸುಮ್ನೆ ಜಾಗ ತಿಂತಾವಂತೆ."

ತೆಲೇಸಿಯಾ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. ಡಿಸ್ಕು ಅಲ್ಲಿ ಒಂದು ಉದ್ದನೆಯ ನೀಲಿ ಪಟ್ಟಿಯಾಗಿಯೂ ಅದರ ಅಕ್ಕಪಕ್ಕದಲ್ಲಿ ಹೆಸರಿಲ್ಲದ ಮೂರು ಗಿಡ್ಡ ತುಣುಕುಗಳಾಗಿಯೂ ಕಾಣುತ್ತಿತ್ತು. ಯಂತ್ರ ಎಚ್ಚರಗೊಳ್ಳುವ ದಾರಿ ಇರುವುದೇ ಆ ತುಣುಕುಗಳಲ್ಲಿ. ಒಂದು ಅಳಿಸಿಹೋದರೂ ನಾಳೆ ಬೆಳಿಗ್ಗೆ ಗುಂಡಿ ಒತ್ತಿದಾಗ ಬರೀ ಕಪ್ಪು.

"ಅವು ಮುಟ್ಟೋ ಅಂಥವಲ್ಲ ಅಂತ ಹೇಳಮ್ಮ."

ಅಮ್ಮ ಪಕ್ಕದ ಕೋಣೆಗೆ ಹೋಗಿ ಹೇಳಿದಳು. ಗೋಡೆಯಾಚೆ ಸೆಮಿಸಿ ನಕ್ಕದ್ದು ಕೇಳಿಸಿತು.

ಮಧ್ಯಾಹ್ನ ಮೂರರಿಂದ ಹೀಗೇ ನಡೆದಿತ್ತು. ಸೆಮಿಸಿ ಅಪ್ಪನ ಅಕ್ಕನ ಮಗ, ಎಂದರೆ ಈ ದ್ವೀಪಗಳ ಲೆಕ್ಕದಲ್ಲಿ ತೆಲೇಸಿಯಾಗೆ ಅಣ್ಣ. ಬೆಳೆದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕುಳಿತು ಒಂದೇ ತೆರೆಯನ್ನು ನೋಡುವಂತಿಲ್ಲ. ಆದ್ದರಿಂದ ಡಿಸ್ಕನ್ನು ಪಾಲು ಮಾಡುವವಳು ಇಲ್ಲಿ, ಪಾಲು ಬೇಕಾದವನು ಅಲ್ಲಿ. ಕಂಪ್ಯೂಟರಿನ ಒಂದಕ್ಷರವೂ ತಿಳಿಯದ ಅಮ್ಮ ಎರಡು ಕಡೆಯ ಮಾತನ್ನೂ ಬಿಸಿ ಪಾತ್ರೆಯಂತೆ ಹೊತ್ತು ಓಡಾಡುತ್ತಿದ್ದಳು.

ಲ್ಯಾಪ್‌ಟಾಪು ತೆಲೇಸಿಯಾಳದೇ. ವಿದೇಶದಿಂದ ಬಂದಿದ್ದ ಕಿವಿ ಡಾಕ್ಟರಿಗೆ ಅವಳು ಮೂರು ವರ್ಷ ಸಹಾಯಕಿಯಾಗಿದ್ದಳು. ಹೊರಡುವಾಗ ಅವರು ಯಂತ್ರವನ್ನೂ ಅದರೊಳಗಿನ ಶ್ರವಣ ಪರೀಕ್ಷೆಯ ತಂತ್ರಾಂಶವನ್ನೂ ಅವಳ ಕೈಗಿಟ್ಟು ಹೋದರು. ಆ ತಂತ್ರಾಂಶ ಈ ಯಂತ್ರದ ಈ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಮಾತ್ರ ನಡೆಯುತ್ತಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿ, ಇನ್ನೊಮ್ಮೆ ಹಾಕಿಕೊಳ್ಳಲು ದಾರಿಯೇ ಇರಲಿಲ್ಲ. ಹಾಪಾಯಿ ದ್ವೀಪಸಮೂಹದ ಸಣ್ಣ ದ್ವೀಪಗಳಿಗೆ ದೋಣಿಯಲ್ಲಿ ಹೋಗಿ ಶಾಲೆ ಮಕ್ಕಳ ಕಿವಿ ನೋಡುವವಳು ಈಗ ಅವಳೊಬ್ಬಳೇ. ನಾಳೆ ಬೆಳಿಗ್ಗೆ ಹಾಆನೋ ದ್ವೀಪದಲ್ಲಿ ಮೂವತ್ತೊಂದು ಮಕ್ಕಳು.

ಹೋದ ಭಾನುವಾರ ಚರ್ಚಿನಿಂದ ಬಂದು ಊಟವಾದ ಮೇಲೆ ಅಕನೇಸಿ ಅತ್ತೆ ಕೈ ಒರೆಸಿಕೊಳ್ಳುತ್ತಾ, ಆ ಕರಿ ಯಂತ್ರ ಸೆಮಿಸಿಗೆ ಇರಲಿ ಎಂದಿದ್ದಳು. ಅವನ ಲ್ಯಾಪ್‌ಟಾಪಿಗೆ ಸಿಡಿಲು ಬಡಿದಿತ್ತಂತೆ. ಚರ್ಚಿನ ಹುಡುಗರ ವಾದ್ಯಮೇಳಕ್ಕೆ ಹಾಡು ಕೂಡಿಸಲು ಬೇಕಂತೆ. ಬಾಗಿಲಾಚೆ ತಲೆ ತಗ್ಗಿಸಿ ನಿಂತಿದ್ದ ಅಪ್ಪ ಮಗಳ ಕಡೆ ತಿರುಗದೆಯೇ, ಆಗಲಿ ಅಕ್ಕ, ಎಂದುಬಿಟ್ಟ. ಅಪ್ಪನ ಅಕ್ಕ ಮನೆಯ ಫಹು, ಮದುವೆಯಿರಲಿ ಸಾವಿರಲಿ ಎಲ್ಲರಿಗಿಂತ ಮೇಲೆ ಕೂರುವ ಹಕ್ಕಿನವಳು. ಅವಳು ಕೇಳಿದ್ದನ್ನು ಇಲ್ಲವೆನ್ನುವ ಬಾಯಿ ಈ ಮನೆಯಲ್ಲಿ ಯಾರಿಗೂ ಇಲ್ಲ. ಅಜ್ಜಿ ನೇಯ್ದ ನಯವಾದ ಚಾಪೆ ಹಾಗೆ ಹೋಗಿತ್ತು. ಅಮ್ಮನ ಹೊಲಿಗೆ ಯಂತ್ರ ಹಾಗೆ ಹೋಗಿತ್ತು. ಆಗೆಲ್ಲ ತೆಲೇಸಿಯಾ ಸುಮ್ಮನಿದ್ದಳು.

ಈ ಸಲ ಅವಳೇ ಒಂದು ಉಪಾಯ ಹೇಳಿದಳು: ಡಿಸ್ಕನ್ನು ಎರಡು ಪಾಲು ಮಾಡುತ್ತೇನೆ, ಅರ್ಧದಲ್ಲಿ ಸೆಮಿಸಿ ತನಗೆ ಬೇಕಾದ ವ್ಯವಸ್ಥೆ ಹಾಕಿಕೊಳ್ಳಲಿ, ವಾರದಲ್ಲಿ ಮೂರು ದಿನ ಯಂತ್ರ ಅವನಲ್ಲಿರಲಿ.

"ಹಂದೀನೇ ಕೊಯ್ದು ಹಂಚ್ತೀವಿ, ಇದೇನು ಮಹಾ," ಎಂದು ಅತ್ತೆ ಒಪ್ಪಿದ್ದಳು.

ಒಪ್ಪಿದ ಮೇಲೆ ತೆಲೇಸಿಯಾಗೆ ನಿದ್ದೆ ಬಂದಿರಲಿಲ್ಲ. ಸಂಜೆ ತರಗತಿಯಲ್ಲಿ ಕಲಿತದ್ದೇ ಅವಳ ವಿದ್ಯೆ. ಅದೂ ಹಳೆಯ ಮಾತು. ನೋಟುಪುಸ್ತಕ ತೆಗೆದು ಎರಡೆರಡು ಸಲ ಓದಿದಳು. ಮಕ್ಕಳ ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ಒಂದೊಂದಾಗಿ ನೋಡಿದಳು. ಯಂತ್ರ ಮೇಲೇಳದಿದ್ದರೆ ಎಬ್ಬಿಸಲೆಂದು ಒಂದು ಪೆನ್‌ಡ್ರೈವ್ ಸಿದ್ಧಮಾಡಿದಳು. ಡಿಸ್ಕಿನಲ್ಲಿ ದೋಷವಿದೆಯೇ ಎಂದು ಪರೀಕ್ಷಿಸಿದಳು, ಇಲ್ಲವೆಂದು ಬಂದಿತು, ನಂಬದೆ ಮತ್ತೊಮ್ಮೆ ಪರೀಕ್ಷಿಸಿದಳು. ಇಷ್ಟಾದರೂ ಏನೋ ಮರೆತಿದ್ದೇನೆ ಎಂಬ ಅಳುಕು ಹೋಗಿರಲಿಲ್ಲ.

ಅಮ್ಮ ಮತ್ತೆ ಬಂದಳು. "ಇಷ್ಟೊತ್ತು ಯಾಕೆ ಅಂತಿದಾನೆ. ತಾನಾಗಿದ್ರೆ ಹತ್ತು ನಿಮಿಷ ಅಂತೆ."

"ಹೌದಂತೆ ಅನ್ನು. ಅವನದು ಹತ್ತೇ ನಿಮಿಷಕ್ಕೆ ಹೋಯ್ತಲ್ಲ."

ಅಮ್ಮ ಕಣ್ಣಲ್ಲೇ ಗದರಿದಳು. ಆ ಮಾತನ್ನು ಅವಳು ದಾಟಿಸಲಿಲ್ಲ.

ತೆಲೇಸಿಯಾ ನೀಲಿ ಪಟ್ಟಿಯ ಮೇಲೆ ಬಾಣವಿಟ್ಟು, ಕುಗ್ಗಿಸು ಎಂಬುದನ್ನು ಆರಿಸಿ, ಅಂಕಿ ಬರೆದಳು. ಅರ್ಧವೆಂದು ಹೇಳಿದ್ದರೂ ತನ್ನ ವ್ಯವಸ್ಥೆಗೆ ಉಸಿರಾಡಲು ಜಾಗ ಬೇಕೆಂದು ತುಸು ಹೆಚ್ಚೇ ಉಳಿಸಿಕೊಂಡಳು. ಅಂಕಿಯ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ ಗುಂಡಿ ಒತ್ತಿದಳು. ಸಣ್ಣ ವೃತ್ತವೊಂದು ಸುತ್ತತೊಡಗಿತು. ಇನ್ನು ಕಾಯುವುದಷ್ಟೇ. ಒಳಗೆ ಕಡತಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿರುವಾಗ ಕರೆಂಟು ಹೋಗಬಾರದು, ತಂತಿ ಕದಲಬಾರದು. ಬ್ಯಾಟರಿ ಸತ್ತು ವರ್ಷವಾಗಿತ್ತು.

ಆಗಲೇ ಹೊರಗೆ ಚರ್ಚಿನ ಲಾರಿ ಬಂದು ನಿಂತಿತು. ಸಭಾಭವನದಲ್ಲಿ ಮೇಳದ ಅಭ್ಯಾಸವಿತ್ತು. ಅತ್ತೆ, ಮನೆಯಿಂದ ಹೊರಡುವಾಗ ಮರ್ಯಾದೆಗೆಂದು ಎಲ್ಲರೂ ಕಟ್ಟುವ ಹಾಗೆ ಸೊಂಟಕ್ಕೆ ಕಟ್ಟಿದ ಚಾಪೆ ಸರಬರ ಎನ್ನುವಂತೆ ನೇರ ಒಳಗೆ ಬಂದಳು. ಇದು ಅವಳ ತಮ್ಮನ ಮನೆ, ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಆಯ್ತೇನೇ?"

"ಇಲ್ಲ ಅತ್ತೆ. ಇನ್ನರ್ಧ ಗಂಟೆ. ಈಗ ಇದನ್ನ ಅಲ್ಲಾಡಿಸೋ ಹಾಗಿಲ್ಲ."

"ಎಷ್ಟಾಗಿದೆಯೋ ಅಷ್ಟು ಸಾಕು. ಉಳಿದಿದ್ದು ಅವನೇ ಮಾಡ್ಕೋತಾನೆ, ನಿನಗಿಂತ ಚೆನ್ನಾಗಿ." ಅತ್ತೆ ಬಾಗಿ ಗೋಡೆಯ ಬಳಿ ಚಾರ್ಜರಿನ ತಂತಿ ಹಿಡಿದಳು.

"ಬಿಡಿ ಅತ್ತೆ."

ಅತ್ತೆ ಬಾಗಿದಂತೆಯೇ ತಲೆ ಹೊರಳಿಸಿ ನೋಡಿದಳು. "ಏನಂದೆ?"

"ತಂತಿ ಬಿಡಿ ಅಂದೆ."

ತನ್ನ ಕೈ ಯಾವಾಗ ಅತ್ತೆಯ ಮಣಿಕಟ್ಟನ್ನು ಹಿಡಿಯಿತೋ ತೆಲೇಸಿಯಾಗೆ ತಿಳಿಯಲಿಲ್ಲ. ಬಿಡಬೇಕೆಂದುಕೊಂಡಳು, ಬೆರಳುಗಳು ಇನ್ನಷ್ಟು ಬಿಗಿಯಾದವು. ಚಾಪೆ, ಹೊಲಿಗೆ ಯಂತ್ರ, ಅಪ್ಪನ ತಗ್ಗಿದ ತಲೆ ಎಲ್ಲ ಒಟ್ಟಿಗೆ ಕಣ್ಮುಂದೆ ಬಂದವು.

"ನಾಳೆ ಮೂವತ್ತೊಂದು ಮಕ್ಕಳು ಕಾಯ್ತಾ ಇರ್ತಾರೆ. ಈಗ ನೀವು ಇದನ್ನ ಕಿತ್ರೆ ಅವರ ಕಿವಿ ನೋಡೋಕೆ ಈ ದ್ವೀಪಗಳಲ್ಲಿ ಇನ್ನೇನೂ ಇಲ್ಲ. ಏನೂ ಇಲ್ಲ, ಗೊತ್ತಾಯ್ತಾ? ನಿಮ್ಮ ಮಗನದಕ್ಕೆ ಸಿಡಿಲು ಬಡೀಲಿಲ್ಲ. ಇಡೀ ಡಿಸ್ಕ್ ಅಳಿಸಲಾ ಅಂತ ಯಂತ್ರ ಕೇಳ್ತು, ಇವನು ಓದದೇನೆ ಹೂಂ ಅಂತ ಒತ್ತಿದ. ನನ್ನ ಹತ್ರ ಬಂದವರು ಅವನ ಗೆಳೆಯರೇ, ಸರಿಮಾಡಿಕೊಡ್ತೀಯಾ ಅಂತ. ಕೇಳಿ ಅವನನ್ನ. ಗೋಡೆಯಾಚೇನೇ ಕೂತಿದಾನಲ್ಲ."

ಗೋಡೆಯಾಚೆ ಸೆಮಿಸಿ ಎದ್ದ ಸದ್ದಾಯಿತು. ಅಮ್ಮ ಪರದೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು. ದಾಟಿಸಲು ಈಗ ಯಾವ ಮಾತೂ ಇರಲಿಲ್ಲ.

ಅತ್ತೆ ತಂತಿ ಬಿಟ್ಟಳು. ಸಾವಕಾಶವಾಗಿ ನೆಟ್ಟಗೆ ನಿಂತು, ಮಣಿಕಟ್ಟನ್ನು ಒಮ್ಮೆ ನೋಡಿಕೊಂಡು ಚಾಪೆ ಸರಿಪಡಿಸಿಕೊಂಡಳು. ಅವಳ ದನಿ ಏರಲಿಲ್ಲ.

"ಇಟ್ಕೋ. ಪೂರ್ತಿ ನೀನೇ ಇಟ್ಕೋ. ನಾಳೆ ನಿನ್ನ ಮದುವೇಲಿ, ನಿಮ್ಮಪ್ಪ ಸತ್ತ ದಿನ, ತಲೆದಿಕ್ಕಲ್ಲಿ ಕೂರೋಕೆ ಯಾರಾದ್ರೂ ಬೇಕು ಅಂತ ನನ್ನ ಹುಡುಕ್ಕೊಂಡು ಬರಬೇಡಿ."

ಅವಳು ಹೋದಳು. ಸೆಮಿಸಿ ಹಿಂಬಾಗಿಲಿನಿಂದ ಹೊರಬಿದ್ದು ಲಾರಿಯ ಹಿಂದಕ್ಕೆ ಹತ್ತಿದ್ದು ಕಿಟಕಿಯಿಂದ ಕಂಡಿತು.

ಅಪ್ಪ ಬಾಗಿಲಿಗೆ ಬಂದ. ಬೈಯಲಿ ಎಂದು ತೆಲೇಸಿಯಾ ಕಾದಳು. ಬೈದರೆ ತಿರುಗಿ ಹೇಳಲು ಇನ್ನೂ ಬೇಕಾದಷ್ಟಿತ್ತು. ಅವನು ಬೈಯಲಿಲ್ಲ. ಮೂಲೆಯ ಪೆಟ್ಟಿಗೆಯಿಂದ ಅಂಚೆಲ್ಲ ಹರಿದ ಹಳೆಯ ಚಾಪೆಯೊಂದನ್ನು ತೆಗೆದು, ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು, ಅಂಗಳಕ್ಕಿಳಿದು ನಡೆದ. ಸತ್ತವರ ಮನೆಗೆ, ಇಲ್ಲವೇ ತಪ್ಪೊಪ್ಪಿ ಕ್ಷಮೆ ಬೇಡಲು ಕಟ್ಟಿಕೊಳ್ಳುವ ಚಾಪೆ ಅದು. ಅಮ್ಮ ಅಲ್ಲೇ ಕುಸಿದು ಕುಳಿತು ಮುಖ ಮುಚ್ಚಿಕೊಂಡಳು.

ತೆಲೇಸಿಯಾ ಎದ್ದಳು, ಮತ್ತೆ ಕುಳಿತಳು. ವೃತ್ತ ಇನ್ನೂ ಸುತ್ತುತ್ತಿತ್ತು. ತಂತಿಯ ಮೇಲೆ ಅಂಗೈ ಊರಿ ಅದು ನಿಲ್ಲುವವರೆಗೂ ಕಾದಳು. ಕೊನೆಗೆ ನೀಲಿ ಪಟ್ಟಿ ಗಿಡ್ಡವಾಯಿತು. ಅದರ ಪಕ್ಕದಲ್ಲಿ ಯಾರದೂ ಅಲ್ಲದ ಕಪ್ಪು ಪಟ್ಟಿಯೊಂದು ತೆರೆದುಕೊಂಡಿತು. ಮೂರು ತುಣುಕುಗಳು ಇದ್ದಲ್ಲೇ ಇದ್ದವು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಅದು ಎದ್ದಿತು. ಎದ್ದರೆ ಸಾಲದು. ಶ್ರವಣ ಪರೀಕ್ಷೆಯನ್ನು ತೆರೆದು, ದಪ್ಪನೆಯ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

ಹೊರಗಿನ ಸದ್ದೆಲ್ಲ ನಿಂತುಹೋಯಿತು. ಕಿಟಕಿಯ ಗಾಜಿನ ಪಟ್ಟಿಗಳ ನಡುವೆ ಲಾರಿ ಇನ್ನೂ ನಿಂತಲ್ಲೇ ಕಾಣುತ್ತಿತ್ತು. ಅಪ್ಪ ಅದರ ಚಕ್ರಗಳ ಮುಂದೆ, ದಾರಿಯ ಮಧ್ಯದಲ್ಲಿ, ಚಕ್ಕಳಮಕ್ಕಳ ಹಾಕಿ ತಲೆ ಬಗ್ಗಿಸಿ ಕುಳಿತಿದ್ದ. ಮುಂದಿನ ಸೀಟಿನಲ್ಲಿ ಅತ್ತೆ ನೇರ ಎದುರು ನೋಡುತ್ತಿದ್ದಳು. ಯಾರದೋ ಬಾಯಿ ಅಲ್ಲಾಡುತ್ತಿತ್ತು.

ಎಡಗಿವಿಯಲ್ಲಿ ಮೊದಲ ಸ್ವರ ಬಂತು. ಮಕ್ಕಳಿಗೆ ಹೇಳಿಕೊಡುವ ಹಾಗೆಯೇ ತೆಲೇಸಿಯಾ ಬೆರಳೆತ್ತಿದಳು. ಎರಡನೆಯದಕ್ಕೆ ಎತ್ತಿದಳು. ಮೂರನೆಯದಕ್ಕೆ ಎತ್ತಿದಳು. ಸ್ವರ ಸಣ್ಣದಾಗುತ್ತಾ, ಇನ್ನೂ ಸಣ್ಣದಾಗುತ್ತಾ ಹೋಯಿತು. ಅವಳು ಉಸಿರು ಬಿಗಿಹಿಡಿದು, ಕಿಟಕಿಯಿಂದ ಕಣ್ಣು ಕೀಳದೆ ಆಲಿಸಿದಳು. ಕೇಳಿಸಿತೋ ಇಲ್ಲವೋ ತಿಳಿಯದೆ ಬೆರಳು ಅರ್ಧಕ್ಕೆ ಎದ್ದು ನಿಂತಿತ್ತು.