ಕಟಕಟೆಯಲ್ಲಿ ಮಾನ್ಯಾ

ಮಾನ್ಯಾ ಹುಟ್ಟಿ ಬೆಳೆದದ್ದು ಐರ್ಲೆಂಡಿನ ಡಬ್ಲಿನ್ನಿನ ಟಾಲಾ ಬಡಾವಣೆಯಲ್ಲಿ. ಅಪ್ಪ ಶ್ರೀಕಂಠ, ಅಮ್ಮ ವಸುಂಧರಾ, ಇಬ್ಬರೂ ಮೈಸೂರಿನಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ಟಾಲಾದ ಇಂಗ್ಲಿಷಿನಲ್ಲಿ ಪಟಪಟನೆ ಉತ್ತರ ಕೊಡುತ್ತಿದ್ದಳು.

ಕಾಲೇಜಿನ ಕೊನೆಯ ಪರೀಕ್ಷೆ ಹತ್ತಿರವಾದಾಗ, ನಿದ್ದೆ ಬರದಂತೆ ಓದಿಸುವ ಮಾತ್ರೆಯೊಂದಿದೆ ಎಂದು ಗೆಳತಿಯರು ಹೇಳಿದರು. ಮಾರುತ್ತಿದ್ದವನು ಮಿಥುನ್. ಊರಿನ ಇನ್ನೊಂದು ತುದಿಯ ಸ್ಯಾಂಟ್ರಿಯಲ್ಲಿ ಕಂಪನಿಯೊಂದರ ಇಂಜಿನಿಯರ್. ಕನ್ನಡ ಸಂಘದ ಯುಗಾದಿಯಲ್ಲಿ ಮೈಕ್ ಹಿಡಿದು ಎಲ್ಲರನ್ನೂ ನಗಿಸುವವನು. ಮಾನ್ಯಾಗೆ ಅವನ ಪರಿಚಯ ಅಷ್ಟಾಗಿ ಇರಲಿಲ್ಲವಾದರೂ ನಂಬಿದ್ದಳು, ನಮ್ಮವನು ಎಂದು.

"ಇದರಲ್ಲಿ ಏನಿದೆ?" ಎಂದು ಕೇಳಿದ್ದಳು.

"ಡಾಕ್ಟರ್ ಬರೆದುಕೊಡೋದೇ. ನಾನೂ ತಗೋತೀನಿ. ಏನೂ ಆಗಲ್ಲ, ಗ್ರ್ಯಾಂಡ್ ಆಗಿರ್ತೀಯ, ಹೋಗು."

ಅದು ಯಾವ ಡಾಕ್ಟರೂ ಬರೆದುಕೊಡುವ ಮಾತ್ರೆಯಾಗಿರಲಿಲ್ಲ. ನುಂಗಿದ ಸ್ವಲ್ಪ ಹೊತ್ತಿಗೆ ಲೈಬ್ರರಿಯಲ್ಲಿ ಕುಸಿದುಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ಜೀವ ಉಳಿಯಿತು, ಆದರೆ ಬಲಗೈ ಹಿಡಿತ ಕಳೆದುಕೊಂಡಿತು. ಮಾತುಗಳು ಒಳಗೆಲ್ಲೋ ಸಿಕ್ಕಿಕೊಂಡು, ಒಂದೊಂದಾಗಿ, ತಡವಾಗಿ ಹೊರಬರುತ್ತಿದ್ದವು.

ಪೊಲೀಸರು ಮಿಥುನ್‌ನನ್ನು ಹಿಡಿದರು. ಮಾತ್ರೆ ಮಾರಿದ್ದನ್ನು ಅವನು ಒಪ್ಪಿಕೊಂಡ. ಮೊದಲ ಅಪರಾಧವೆಂದು ಜೈಲು ಶಿಕ್ಷೆಯನ್ನು ಅಮಾನತ್ತಿನಲ್ಲಿಟ್ಟರು. ಆ ಸಂಜೆ ಮಾನ್ಯಾ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, "ಅವನು... ಮನೆಗೆ ಹೋದ. ನಾನು ಅವನ ಮೇಲೆ... ಕೇಸ್ ಹಾಕ್ತೀನಿ" ಎಂದಳು.

ಟಾಲಾದ ಸಾಲಿಸಿಟರ್ ಶಿನೇಡ್ ಮುಚ್ಚುಮರೆಯಿಲ್ಲದೆ ಹೇಳಿದಳು. "ಆಗಿದ್ದು ಸರ್ಕಾರದ ಕೇಸು. ಇದು ನಿನ್ನದು. ಅವನಿಂದ ಆದ ಹಾನಿಗೆ ಅವನೇ ಹೊಣೆ ಅಂತ ನೀನೇ ಸಾಬೀತು ಮಾಡಬೇಕು. ಕಾನೂನು ಮುರಿದು ಮಾತ್ರೆ ಕೊಂಡವಳು ನೀನೂ ಅಲ್ಲವೇ ಅಂತ ಅವರು ಕೇಳೇ ಕೇಳ್ತಾರೆ. ಸೋಲಲೂಬಹುದು."

"ಕೇಳಲಿ" ಎಂದಳು ಮಾನ್ಯಾ.

ಸುದ್ದಿ ಹಬ್ಬಿತು. ಮುಂದಿನ ಭಾನುವಾರ ಸಂಘದ ಅಧ್ಯಕ್ಷ ಕಿಶೋರ್ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಶ್ರೀಕಂಠರ ಕಡೆ ತಿರುಗಿದರು.

"ಹುಡುಗ ತಪ್ಪು ಮಾಡಿದ, ಶಿಕ್ಷೆನೂ ಆಯ್ತು. ಮತ್ತೆ ಕೋರ್ಟು ಅಂದ್ರೆ ಇಲ್ಲಿರೋ ಕನ್ನಡದವರ ಹೆಸರು ಪೇಪರಲ್ಲಿ ಬರುತ್ತೆ. ನಿಮ್ಮ ಮಗಳು ಡ್ರಗ್ಸ್ ತಗೊಂಡ್ಲು ಅಂತ ಎಲ್ಲರೆದುರಿಗೆ ಹೇಳಿಸ್ತಾರೆ. ನಾಳೆ ಅವಳ ಮದುವೆ, ಕೆಲಸ... ಯೋಚನೆ ಮಾಡಿ."

ಶ್ರೀಕಂಠ ತಲೆ ತಗ್ಗಿಸಿದರು. ವಸುಂಧರಾ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಾನ್ಯಾ ಎಡಗೈಯಲ್ಲಿ ಕಟಾಂಜನ ಹಿಡಿದು ಇಳಿದು ಬಂದಳು. ಕನ್ನಡದಲ್ಲೇ ಮಾತಾಡಿದಳು.

"ಅಂಕಲ್, ತಗೊಂಡಿದ್ದು... ನಾನೇ. ಹೇಳೋಕೆ ನಂಗೆ ನಾಚಿಕೆ ಇಲ್ಲ. ಮಾರಿದ್ದು... ಅವನು. ಅದನ್ನೂ ಹೇಳಬೇಕು."

ಕಿಶೋರ್ ಜಾಕೆಟ್ ಹಾಕಿಕೊಂಡು ಹೊರಟರು. ಬಾಗಿಲು ಹಾಕಿ ಬಂದ ಶ್ರೀಕಂಠ ಮಗಳ ತಲೆಯ ಮೇಲೆ ಕೈಯಿಟ್ಟು, "ಶಿನೇಡ್‌ಗೆ ಫೋನ್ ಮಾಡೋಣ, ಮುಂದುವರಿಸಿ ಅಂತ" ಎಂದರು.

ಆ ಭಾನುವಾರದ ಮಾತೂ ಹಬ್ಬಿತು. ಕೆಲವು ದಿನಗಳಾದ ಮೇಲೆ ಬಿಂದುಶ್ರೀ ಎಂಬ ಹುಡುಗಿ ಬಾಗಿಲು ತಟ್ಟಿದಳು. ಬೆಂಗಳೂರಿನಿಂದ ಮಾಸ್ಟರ್ಸ್‌ಗೆ ಬಂದು ಈಗಷ್ಟೇ ಕೆಲಸಕ್ಕೆ ಸೇರಿದವಳು. ಕೂರಲೂ ಇಲ್ಲ.

"ನಿಂಗಿಂತ ಮುಂಚೆ ನಾನೂ ಅವನ ಹತ್ರ ಅದೇ ಮಾತ್ರೆ ತಗೊಂಡಿದ್ದೆ. ಎಚ್ಚರ ತಪ್ಪಿ ಬಿದ್ದೆ. ಇನ್ನು ಯಾರಿಗೂ ಕೊಡಬೇಡ ಅಂತ ಅವನ ಮುಖದೆದುರೇ ಹೇಳಿದ್ದೆ. ಖಾಲಿ ಹೊಟ್ಟೇಲಿ ತಗೊಂಡಿರ್ತೀಯ ಅಂತ ನಕ್ಕ. ವರ್ಕ್ ಪರ್ಮಿಟ್‌ಗೆ ತೊಂದರೆ ಆಗುತ್ತೆ ಅಂತ ಹೆದರಿ ಸುಮ್ಮನಿದ್ದೆ. ನೀನು ಇಷ್ಟು ಹೇಳ್ತೀಯ ಅಂದ್ರೆ ಕೋರ್ಟಲ್ಲಿ ನಾನೂ ಹೇಳ್ತೀನಿ."

ವಿಚಾರಣೆಯ ಬೆಳಿಗ್ಗೆ ಮಾನ್ಯಾ, ಅಪ್ಪ, ಅಮ್ಮ ಮೂವರೂ ಲುವಾಸ್ ಟ್ರಾಮ್ ಹಿಡಿದು ಫೋರ್ ಕೋರ್ಟ್ಸ್ ನ್ಯಾಯಾಲಯಕ್ಕೆ ಹೋದರು. ಕಂಬಗಳ ಸಾಲಿನ ಪಕ್ಕದಲ್ಲಿ ಶಿನೇಡ್ ಕಾಯುತ್ತಿದ್ದಳು. ಮಿಥುನ್‌ನ ಕಡೆಯವರು ರಾಜಿಗೆ ಬಂದಿದ್ದರು. ಒಳ್ಳೆಯ ಪರಿಹಾರವನ್ನೇ ಕೊಡುತ್ತಾರಂತೆ. ಆದರೆ ಹಾನಿಗೆ ತಾನು ಹೊಣೆ ಎಂದು ಅವನು ಒಪ್ಪುವುದಿಲ್ಲ, ಇವಳು ಎಲ್ಲೂ ಬಾಯಿ ಬಿಡಬಾರದು.

"ಬಾಯಿ ಬಿಡೋಕೆ... ಎಷ್ಟು ಕಷ್ಟಪಟ್ಟು ಕಲಿತಿದೀನಿ ಗೊತ್ತಾ?" ಎಂದಳು ಮಾನ್ಯಾ. ಶಿನೇಡ್ ನಕ್ಕುಬಿಟ್ಟಳು. ರಾಜಿ ಅಲ್ಲಿಗೆ ಮುಗಿಯಿತು.

ಹೇಳಿಕೆಯನ್ನು ಬೇರೆಯವರಿಂದ ಓದಿಸಬಹುದಿತ್ತು. ಮಾನ್ಯಾ ಒಪ್ಪದೆ ತಾನೇ ಕಟಕಟೆ ಹತ್ತಿದಳು. ಎದುರು ಪಕ್ಷದ ಬ್ಯಾರಿಸ್ಟರ್ ಎದ್ದು ನಿಂತ.

"ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ಕೊಳ್ಳುವುದು ಕಾನೂನುಬಾಹಿರ ಎಂದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು."

"ಯಾರಾದರೂ ಬಲವಂತ ಮಾಡಿದರೇ?"

"ಇಲ್ಲ."

"ಹಾಗಾದರೆ ತಪ್ಪು ಯಾರದು?"

ಮಾನ್ಯಾಳ ತುಟಿ ಅಲುಗಿತು, ಮಾತು ಬರಲಿಲ್ಲ. ಬ್ಯಾರಿಸ್ಟರ್ ಮುಂದಿನ ಪ್ರಶ್ನೆಗೆ ಬಾಯಿ ತೆರೆದ. ನ್ಯಾಯಾಧೀಶೆ ಕೈಯೆತ್ತಿ ಅವನನ್ನು ತಡೆದರು. ಇಡೀ ಕೋಣೆ ಕಾಯಿತು. ವಸುಂಧರಾ ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಎದ್ದು ನಿಂತು ಮಗಳ ಪರವಾಗಿ ಕೂಗಿಬಿಡಬೇಕು ಅನಿಸಿತು. ಆದರೆ ಕಟಕಟೆಯಲ್ಲಿದ್ದ ಮುಖದಲ್ಲಿ ಗಾಬರಿ ಇರಲಿಲ್ಲ. ಅವಳು ಮಾತು ಹುಡುಕುತ್ತಿದ್ದಳು, ಅಷ್ಟೇ.

"ನುಂಗಿದ್ದು ನನ್ನ ತಪ್ಪು" ಎಂದಳು ಕೊನೆಗೆ. "ಅದರಲ್ಲಿ ಏನಿದೆ ಅಂತ... ನಾನು ಕೇಳಿದೆ. ಅವನು ಸುಳ್ಳು ಹೇಳಿದ. ಆ ಸುಳ್ಳು... ನನ್ನದಲ್ಲ."

ಮಿಥುನ್ ನೆಲ ನೋಡುತ್ತ ಕುಳಿತಿದ್ದ. ಮಧ್ಯಾಹ್ನ ಬಿಂದುಶ್ರೀ ನಡುಗುವ ದನಿಯಲ್ಲಿ, ಆದರೆ ಒಂದು ಮಾತೂ ಬಿಡದೆ, ತನ್ನ ಕಥೆ ಹೇಳಿದಳು. ಅವನ ವಕೀಲರು ಎಷ್ಟು ಕೆದಕಿದರೂ ಅದು ಕದಲಲಿಲ್ಲ.

ತೀರ್ಪು ಬಂದಾಗ ಚಳಿಗಾಲ ಮುಗಿದಿತ್ತು. ಮಾತ್ರೆ ಅಪಾಯಕಾರಿ ಎಂದು ತಿಳಿದೂ ಸುಳ್ಳು ಹೇಳಿ ಮಾರಿದ್ದರಿಂದ ಹಾನಿಗೆ ಮಿಥುನ್ ಹೊಣೆ ಎಂದರು ನ್ಯಾಯಾಧೀಶೆ. ಸ್ವಲ್ಪ ಪಾಲು ಮಾನ್ಯಾಳದೂ ಹೌದು ಎಂದು ಪರಿಹಾರದಲ್ಲಿ ಅಷ್ಟನ್ನು ಕಡಿಮೆ ಮಾಡಿದರು. ಶಿನೇಡ್ ಆತಂಕದಿಂದ ತಿರುಗಿ ನೋಡಿದಳು.

"ಸರಿಯಾಗೇ ಇದೆ" ಎಂದಳು ಮಾನ್ಯಾ. "ನಾನೂ... ಅದನ್ನೇ ಹೇಳಿದ್ದು."

ಸೆಪ್ಟೆಂಬರಿನಲ್ಲಿ ಕಿಶೋರ್ ಫೋನ್ ಮಾಡಿದರು. ದನಿ ತಗ್ಗಿತ್ತು. ಕರ್ನಾಟಕದಿಂದ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಸಂಘ ಒಂದು ಸಭೆ ಇಟ್ಟಿದೆ, ಮಾನ್ಯಾ ಬಂದು ಮಾತಾಡುತ್ತಾಳಾ ಎಂದು ಕೇಳಿದರು. ಅವತ್ತು ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದರು.

ಸ್ಯಾಂಟ್ರಿಯ ಸಭಾಂಗಣವೊಂದರಲ್ಲಿ ಮಾನ್ಯಾ ತನ್ನ ಕಥೆಯನ್ನು ಕನ್ನಡದಲ್ಲಿ, ನಿಲ್ಲುತ್ತ ನಿಲ್ಲುತ್ತ, ಪೂರ್ತಿ ಹೇಳಿದಳು. ಯಾರೂ ಫೋನ್ ತೆಗೆಯಲಿಲ್ಲ. ಮುಗಿದಾಗ ಮುಂದಿನ ಸಾಲಿನಲ್ಲಿದ್ದ ನವ್ಯಾ ಎಂಬ ಹುಡುಗಿ ಎದ್ದು, "ಅಕ್ಕ, ನಿಮಗೆ ಭಯ ಆಗ್ಲಿಲ್ವಾ?" ಎಂದು ಕೇಳಿದಳು.

"ತುಂಬಾ ಆಯ್ತು" ಎಂದು ನಕ್ಕಳು ಮಾನ್ಯಾ.

ಹಿಂದಿನ ಸಾಲಿನಲ್ಲಿ ಪಕ್ಕದ ಹೆಂಗಸು ವಸುಂಧರಾ ಕಡೆ ಬಾಗಿ, ಈ ಹುಡುಗಿ ಯಾರ ಮನೆಯವಳು ಎಂದು ಪಿಸುಗುಟ್ಟಿದಳು.

ವಸುಂಧರಾ ಪಿಸುಗುಟ್ಟಲಿಲ್ಲ. "ನನ್ನ ಮಗಳು" ಎಂದರು, ಎರಡು ಸಾಲು ಮುಂದಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.