ಸೊಸೆಗೆ ಹೆಪಟೈಟಿಸ್ ಬಿ ಎಲ್ಲಿಂದ ಬಂತು?

ಬಟ್ಟೆ ಹೊಲಿಯುವ ಆಕೆಗೆ ಬೀದಿಯವರೆಲ್ಲ ಇಟ್ಟ ಹೆಸರು ಯಾಕಮ್ಮ. ಗುಂಡಿ ಹಾಕಿಸಲು ಬಂದವರನ್ನೂ “ಯಾಕೆ ಕಿತ್ತೋಯ್ತು?” ಎಂದು ಕೇಳದೆ ಬಿಡುತ್ತಿರಲಿಲ್ಲ. ಅಂಥವಳು ಕೆಲವು ದಿನಗಳಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಬಸುರಿ ಸೊಸೆಯ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಗಿತ್ತು. ಅದು ಲಿವರಿಗೆ ತಗಲುವ ಸೋಂಕು ಎಂದಷ್ಟೇ ಯಾಕಮ್ಮನಿಗೆ ಅರ್ಥವಾಗಿತ್ತು. ಅಂದೇ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ‘ಈ ಹುಡುಗಿ ಎಲ್ಲಿ ಹತ್ತಿಸಿಕೊಂಡು ಬಂದಳು?’ ಎಂಬ ಪ್ರಶ್ನೆ ಮಾತ್ರ ತಲೆ ಕೊರೆಯುತ್ತಲೇ ಇತ್ತು.

ಒಂದು ಮಧ್ಯಾಹ್ನ ಹತ್ತಿರದ ಸಂಶೋಧನಾ ಕೇಂದ್ರದ ಡಾಕ್ಟರಮ್ಮ ಒಬ್ಬರು ಅವಳ ಹೊಲಿಗೆ ಅಂಗಡಿಗೆ ಬಂದರು. ಬಿಳಿ ಕೋಟಿನ ತೋಳಿನ ತುದಿಗೆ ಎಲಾಸ್ಟಿಕ್ ಹಾಕಿಸಬೇಕಿತ್ತು.

“ಅಷ್ಟು ಬಿಗಿ ಯಾಕೆ ಮೇಡಂ?”

“ಲ್ಯಾಬಲ್ಲಿ ದಿನಾ ರೋಗಿಗಳ ರಕ್ತ ಇಟ್ಕೊಂಡು ಕೆಲಸ ಅಮ್ಮ. ತೋಳು ಜೋತಾಡಿದ್ರೆ ತಾಗುತ್ತೆ. ಹೆಪಟೈಟಿಸ್ ಬಿ ವೈರಸ್ ಕೆಲವರ ಲಿವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಹೇಗೆ ಕೂತಿರುತ್ತೆ ಅಂತ ಹುಡುಕ್ತಿದೀನಿ.”

ಯಾಕಮ್ಮ ಅಳತೆ ಟೇಪು ಪಕ್ಕಕ್ಕಿಟ್ಟಳು. “ಹೆದರಿಕೆ ಆಗಲ್ವಾ?”

“ಲಸಿಕೆ ಹಾಕಿಸ್ಕೊಂಡಿದೀನಿ. ಹೇಗೆ ಹರಡುತ್ತೆ ಅಂತಾನೂ ಗೊತ್ತು. ಇನ್ಯಾಕೆ ಹೆದರಿಕೆ?”

ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಯಾಕಮ್ಮ ಸೊಸೆಯ ವಿಷಯ ತೆಗೆದಳು. “ದಾರಿ ತಪ್ಪಿದವರಿಗೆ ಬರೋ ರೋಗ ಅಂತಾರಲ್ಲ…”

“ಲೈಂಗಿಕ ಸಂಪರ್ಕದಿಂದ ಬರುತ್ತೆ, ನಿಜ. ಆದ್ರೆ ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುಗೂ ಬರುತ್ತೆ. ಒಬ್ಬರಿಗೆ ಚುಚ್ಚಿದ ಸೂಜಿ, ಒಬ್ಬರು ಬಳಸಿದ ಬ್ಲೇಡಿಂದಲೂ ಬರುತ್ತೆ. ಅವಳ ತಾಯಿ ಹೇಗಿದಾರೆ?”

“ಇಲ್ಲ ಮೇಡಂ. ಹೊಟ್ಟೇಲಿ ನೀರು ತುಂಬ್ಕೊಂಡು, ಲಿವರ್ ಕೆಟ್ಟೇ ಹೋದ್ರು. ಒಂದು ತೊಟ್ಟು ಕುಡಿದವರಲ್ಲ. ಯಾಕೆ ಹಾಗಾಯ್ತೋ…” ಯಾಕಮ್ಮ ತಟ್ಟನೆ ಮಾತು ನಿಲ್ಲಿಸಿ ಡಾಕ್ಟರಮ್ಮನ ಮುಖ ನೋಡಿದಳು.

“ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೆ ಪಾಪ, ಅವಳಿಗೆ ಹುಟ್ಟುವಾಗಲೇ ಬಂದಿರಬಹುದು.”

“ಹಾಗಾದ್ರೆ ಈಗ ಹುಟ್ಟೋ ಮಗುಗೂ?”

“ತಡೀಬಹುದಮ್ಮ. ಹುಟ್ಟಿದ ಕೂಡಲೇ, ಇಪ್ಪತ್ನಾಲ್ಕು ಗಂಟೆ ಒಳಗೆ ಲಸಿಕೆ ಬೀಳ್ಬೇಕು. ಜೊತೆಗೆ ರಕ್ಷಣೆಗೆ ಇನ್ನೊಂದು ಇಂಜೆಕ್ಷನ್ ಇದೆ. ಆಮೇಲಿನ ಡೋಸುಗಳನ್ನೂ ತಪ್ಪಿಸಬಾರದು. ವೈರಸ್ ಜಾಸ್ತಿ ಇದ್ರೆ ಸೊಸೆಗೆ ಈಗಲೇ ಮಾತ್ರೆ ಕೊಡ್ತಾರೆ.”

“ಎದೆಹಾಲು?”

“ಧಾರಾಳವಾಗಿ ಕುಡಿಸ್ಲಿ.”

“ತಟ್ಟೆ, ಲೋಟ?”

“ಒಟ್ಟಿಗೆ ಉಂಡ್ರೆ, ಅಪ್ಪಿಕೊಂಡ್ರೆ ಬರಲ್ಲ. ಬ್ರಷ್ಷು, ಬ್ಲೇಡು ಮಾತ್ರ ಬೇರೆ ಇರಲಿ. ನೀವೂ ಮಗನೂ ಪರೀಕ್ಷೆ ಮಾಡಿಸ್ಕೊಳ್ಳಿ.”

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ!”

“ಸೊಸೆನೂ ಹಾಗೇ ಇದ್ದಳಲ್ವಾ?”

ಮರುದಿನವೇ ಮೂವರೂ ಆಸ್ಪತ್ರೆಗೆ ಹೋದರು. ಮಗನಿಗೆ ಸೋಂಕಿರಲಿಲ್ಲ, ಲಸಿಕೆ ಶುರುವಾಯಿತು. ಯಾಕಮ್ಮನಿಗೆ ಇತ್ತು.

ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. “ಯಾಕೆ? ನನಗೆಲ್ಲಿಂದ ಬಂತು?” ಎಂದು ಕೇಳಿದರೆ ಅಲ್ಲಿನ ವೈದ್ಯರಿಗೂ ಗೊತ್ತಿರಲಿಲ್ಲ. ಎಂದೋ ಚುಚ್ಚಿದ ಸೂಜಿಯಿಂದ ಇರಬಹುದು, ಇಲ್ಲದಿರಬಹುದು. ಸೊಸೆಯ ಬಗ್ಗೆ ತಾನು ಯೋಚಿಸಿದ್ದೆಲ್ಲ ನೆನಪಾಗಿ ಅವಳಿಗೆ ಮುಖ ಎತ್ತಲಾಗಲಿಲ್ಲ. ಸೊಸೆ ಬಂದು ಮೈಗೆ ಮೈ ತಾಗಿಸಿ ಕೂತಳು.

“ಅತ್ತೆ, ಇನ್ಮೇಲೆ ಆಸ್ಪತ್ರೆಗೆ ಒಬ್ಬಳೇ ಬರೋ ಬೇಜಾರು ತಪ್ತು ನೋಡಿ.”

ಅಳು ಬರುತ್ತಿದ್ದರೂ ಯಾಕಮ್ಮನಿಗೆ ನಗು ತಡೆಯಲಾಗಲಿಲ್ಲ. “ಕ್ಷಮಿಸು ಮಗಳೇ,” ಎಂದು ಅವಳ ಕೈ ಹಿಡಿದುಕೊಂಡಳು.

ಹೆರಿಗೆಯ ದಿನ ಯಾಕಮ್ಮ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. “ಲಸಿಕೆ ಆಯ್ತಾ? ಇನ್ನೂ ಯಾಕಿಲ್ಲ?” ಎಂದು ನರ್ಸಿನ ತಲೆ ತಿಂದಳು. ಮಗುವಿಗೆ ಎರಡೂ ಇಂಜೆಕ್ಷನ್ ಬಿದ್ದ ಮೇಲೇ ಅವಳು ನೀರು ಕುಡಿದದ್ದು. ಉಳಿದ ಡೋಸುಗಳೆಲ್ಲ ಮುಗಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಮೊಮ್ಮಗಳಿಗೆ ಸೋಂಕು ಇರಲಿಲ್ಲ. ಅತ್ತೆ-ಸೊಸೆ ಈಗಲೂ ಲಿವರ್ ತಪಾಸಣೆಗೆ ಜೊತೆಯಾಗಿಯೇ ಹೋಗುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ರಕ್ತ ಪರೀಕ್ಷೆ ಆಗಿದೆಯೇ? ಮನೆಯಲ್ಲಿ ಬಸುರಿ ಇದ್ದರೆ ಅವರದ್ದು? ಮೈಯಲ್ಲಿ ನೋವಿಲ್ಲವೆಂದು ಸುಮ್ಮನಿರಬೇಡಿ. ಈ ವೈರಸ್ ಹೇಳಿ ಕೇಳಿ ಬರುವುದಿಲ್ಲ. ಹತ್ತಿರದ ಆಸ್ಪತ್ರೆಗೆ ಹೋಗಿ, ಪರೀಕ್ಷೆ ಮಾಡಿಸಿ. ಕೂಸು ಹುಟ್ಟಿದ ದಿನವೇ ಅದಕ್ಕೆ ಹೆಪಟೈಟಿಸ್ ಬಿ ಲಸಿಕೆ ಕೇಳಿ ಹಾಕಿಸಿ.